ಮರ ಮೊದಲು, ಕಬ್ಬಿಣ ಆಮೇಲೆ

ಕೆಮ್ಮಣ್ಣುಗುಂಡಿಗೆ ಹೋಗಿಬಂದರೆ ವಾರ ಕಳೆದರೂ ಬೂಟಿನ ಅಂಚಿನಲ್ಲಿ ಕೆಂಪು ಉಳಿದಿರುತ್ತದೆ. ತೊಳೆದರೆ ಹೋಗುತ್ತದೆ ಅನ್ನಿಸುತ್ತದೆ, ಒಣಗಿದ ಮೇಲೆ ಮತ್ತೆ ಕಾಣುತ್ತದೆ. ತರೀಕೆರೆಯಿಂದ ಲಿಂಗದಹಳ್ಳಿ, ಕಲ್ಲತ್ತಿಗಿರಿ ದಾಟಿ ಸುಮಾರು 1400 ಮೀಟರ್ ಎತ್ತರಕ್ಕೆ ಹತ್ತುವ ಆ ದಾರಿಯುದ್ದಕ್ಕೂ ಮಣ್ಣಿನ ಬಣ್ಣ ಗಾಢವಾಗುತ್ತಾ ಹೋಗುತ್ತದೆ. ಊರಿನ ಹೆಸರು ಏನನ್ನೂ ಮುಚ್ಚಿಡುವುದಿಲ್ಲ: ಕೆಂಪು ಮಣ್ಣಿನ ಗುಂಡಿ. ಆ ಕೆಂಪು ಕಬ್ಬಿಣದ ಆಕ್ಸೈಡ್‌ನದು.

ಇವತ್ತು ಅಲ್ಲಿಗೆ ಹೋಗುವವರು ತೋಟಗಾರಿಕೆ ಇಲಾಖೆಯ ಗುಲಾಬಿ ನೋಡಿ, ಝಡ್ ಪಾಯಿಂಟ್‌ನ ಅಂಚಿನಲ್ಲಿ ನಿಂತು, ಹೆಬ್ಬೆ ಜಲಪಾತಕ್ಕೆ ಜೀಪು ಹಿಡಿಯುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆಗೆ ಬಂದು ತಂಗುತ್ತಿದ್ದ ಜಾಗ ಎಂದು ಫಲಕ ಓದುತ್ತಾರೆ. ನಾನೂ ಮೊದಲ ಸಲ ಹೋದಾಗ ಅಷ್ಟನ್ನೇ ಮಾಡಿದೆ. ಎರಡನೆಯ ಸಲ ಹೋಗುವ ಹೊತ್ತಿಗೆ ಪಿಎಚ್‌ಡಿಗೆ ಸೇರಿ ಮೂರು ವರ್ಷವಾಗಿತ್ತು. ನನ್ನ ಕೆಲಸ ವೇಗವರ್ಧಕಗಳ ಮೇಲೆ, ಅದರಲ್ಲೂ ಮೆಥನಾಲ್ ತಯಾರಿಸುವ ತಾಮ್ರ ಮತ್ತು ಸತುವಿನ ಪುಡಿಗಳ ಮೇಲೆ. ಪ್ರಬಂಧದ ಮೊದಲ ಅಧ್ಯಾಯದ ಮೊದಲ ವಾಕ್ಯವನ್ನು ಆಗಲೇ ಬರೆದಿಟ್ಟಿದ್ದೆ: 'ಸುಸ್ಥಿರ ರಾಸಾಯನಿಕ ಉತ್ಪಾದನೆಗೆ ವೇಗವರ್ಧಕಗಳೇ ಕೀಲಿಕೈ.' ನಮ್ಮ ಕ್ಷೇತ್ರದ ಅರ್ಧಕ್ಕರ್ಧ ಪ್ರಬಂಧಗಳು ಹೆಚ್ಚುಕಡಿಮೆ ಇದೇ ವಾಕ್ಯದಿಂದ ಶುರುವಾಗುತ್ತವೆ. ಆ ವಾಕ್ಯದ ಬಗ್ಗೆ ನನಗೆ ಅನುಮಾನ ಹುಟ್ಟಿಸಿದ್ದು ಪ್ರಯೋಗಾಲಯವಲ್ಲ, ಈ ಗುಡ್ಡದ ಅದಿರು ಎಲ್ಲಿಗೆ ಹೋಗುತ್ತಿತ್ತು ಎಂಬ ಒಂದು ಸರಳ ವಿಚಾರಣೆ.

ಅದಿರು ಹೋಗುತ್ತಿದ್ದದ್ದು ಭದ್ರಾವತಿಗೆ ಎಂಬುದು ನಮ್ಮ ಕಡೆಯ ಎಲ್ಲರಿಗೂ ಗೊತ್ತು. ಗುಡ್ಡದ ಮೇಲಿಂದ ಹಗ್ಗದಾರಿಯಲ್ಲಿ ತೊಟ್ಟಿಗಳು ಅದಿರು ಹೊತ್ತು ಕೆಳಗಿಳಿಯುತ್ತಿದ್ದವು, ಅಲ್ಲಿಂದ ಮುಂದಕ್ಕೆ ಸಣ್ಣ ರೈಲು. ನನಗೆ ಗೊತ್ತಿಲ್ಲದಿದ್ದದ್ದು ಆ ಕಾರ್ಖಾನೆಯ ಮೊದಲ ಹೆಸರು. ಈಗ ನಾವು ವಿಐಎಸ್‌ಎಲ್ ಎನ್ನುವ ಸಂಸ್ಥೆ 1923ರ ಜನವರಿ 18ರಂದು ಆರಂಭವಾದಾಗ ಅದರ ಹೆಸರು 'ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್.' ಮರವನ್ನು ಬಟ್ಟಿಯಿಳಿಸುವ ಮತ್ತು ಕಬ್ಬಿಣ ಮಾಡುವ ಕಾರ್ಖಾನೆ. ಹೆಸರಿನಲ್ಲಿ ಮರ ಮೊದಲು, ಕಬ್ಬಿಣ ಆಮೇಲೆ.

ಯಾಕೆ ಹೀಗೆ? ಮೈಸೂರು ಸಂಸ್ಥಾನದಲ್ಲಿ ಅದಿರಿತ್ತು, ಸುಣ್ಣಕಲ್ಲಿತ್ತು, ಭದ್ರೆಯ ನೀರಿತ್ತು. ಕಲ್ಲಿದ್ದಲು ಮಾತ್ರ ಇರಲಿಲ್ಲ. ಅದಿರಿನಿಂದ ಆಮ್ಲಜನಕವನ್ನು ಕಿತ್ತು ಕಬ್ಬಿಣ ಬಿಡಿಸಲು ಇಂಗಾಲ ಬೇಕು. ಬೇರೆ ಕಡೆ ಅದು ಕಲ್ಲಿದ್ದಲನ್ನು ಸುಟ್ಟು ಮಾಡಿದ ಕೋಕ್‌ನಿಂದ ಬರುತ್ತಿತ್ತು. ಮೈಸೂರಿನಲ್ಲಿ ಅದು ಕಾಡಿನಿಂದ, ಇದ್ದಿಲಿನ ರೂಪದಲ್ಲಿ ಬರಬೇಕಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1915-16ರ ಸುಮಾರಿಗೆ, ಸೌದೆಯ ಇಂಧನದಿಂದ ಬೀಡುಕಬ್ಬಿಣ ತಯಾರಿಸುವ ಸಾಧ್ಯತೆಯ ಪರಿಶೀಲನೆ ಶುರುವಾಯಿತು. ತಾತಾ ಕಾರ್ಖಾನೆಗೆ ಸಲಹೆ ಕೊಟ್ಟಿದ್ದ ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಪೇಜ್ ಪೆರಿನ್ ಇಲ್ಲಿಗೂ ಸಲಹೆಗಾರರಾದರು. ಆ ಕಾಲದಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಭಾರತದ ಗಟ್ಟಿಮರಗಳನ್ನು ಬಟ್ಟಿಯಿಳಿಸಿ, ಯಾವ ಮರದಿಂದ ಎಷ್ಟು ಇದ್ದಿಲು, ಎಷ್ಟು ಆಮ್ಲ, ಎಷ್ಟು ಮದ್ಯಸಾರ ಎಂದು ಅಳೆಯುತ್ತಿದ್ದರು. ನಮ್ಮ ರಾಜ್ಯದಲ್ಲಿ ಕೈಗಾರಿಕೆಗಾಗಿ ನಡೆದ ರಾಸಾಯನಿಕ ಸಂಶೋಧನೆಯ ಮೊದಲ ಅಧ್ಯಾಯಗಳಲ್ಲಿ ಇದೂ ಒಂದು.

ಮರವನ್ನು ಬಟ್ಟಿಯಿಳಿಸುವುದು ಎಂದರೆ ಗಾಳಿ ತಾಗದಂತೆ ಕಾಯಿಸುವುದು. ಒಣಗಿಸಿದ ಸೌದೆಯನ್ನು ರಿಟಾರ್ಟ್ ಎಂಬ ಮುಚ್ಚಿದ ಕಬ್ಬಿಣದ ಕೋಣೆಗೆ ತುಂಬಿ ಹೊರಗಿನಿಂದ ಬೆಂಕಿ ಕೊಡುತ್ತಾರೆ. ಮರ ಉರಿಯುವುದಿಲ್ಲ, ಒಡೆಯುತ್ತದೆ. ಒಳಗೆ ಇದ್ದಿಲು ಉಳಿಯುತ್ತದೆ. ಹೊರಬಂದ ಹೊಗೆಯನ್ನು ತಣಿಸಿದರೆ ಕಪ್ಪು ಟಾರ್ ಮತ್ತು ಹುಳಿ ವಾಸನೆಯ ಕಂದು ನೀರು ಸಿಗುತ್ತದೆ. ಆ ನೀರಿನಲ್ಲಿರುವ ಅಸಿಟಿಕ್ ಆಮ್ಲವನ್ನು ಸುಣ್ಣ ಹಾಕಿ ಹಿಡಿದರೆ ಕ್ಯಾಲ್ಸಿಯಂ ಅಸಿಟೇಟ್. ಉಳಿದದ್ದನ್ನು ಮತ್ತೆ ಬಟ್ಟಿಯಿಳಿಸಿದರೆ ಮರದ ಮದ್ಯಸಾರ, ಅಂದರೆ ಮೆಥನಾಲ್. ಕಳ್ಳಬಟ್ಟಿ ದುರಂತಗಳ ಸುದ್ದಿಯಲ್ಲಿ ಜನರ ಕಣ್ಣು ಮತ್ತು ಪ್ರಾಣ ಕಳೆಯುವ ವಿಷವಾಗಿ ನಾವು ಹೆಸರು ಕೇಳುವ ವಸ್ತುವೇ ಇದು. ಆದರೆ ಬಣ್ಣ, ಅಂಟು, ಪ್ಲಾಸ್ಟಿಕ್, ಔಷಧಿಗಳ ಉದ್ಯಮಕ್ಕೆ ಇದು ಹಿಟ್ಟು ಉಪ್ಪಿನಷ್ಟು ಮೂಲಭೂತ. ಮೊದಲ ಮಹಾಯುದ್ಧದ ಕಾಲದಲ್ಲಿ ಅಸಿಟೇಟ್‌ಗೂ ಬಂಗಾರದ ಬೆಲೆ, ಏಕೆಂದರೆ ಅದರಿಂದ ಸಿಗುವ ಅಸಿಟೋನ್ ಇಲ್ಲದೆ ಬ್ರಿಟಿಷರ ಕಾರ್ಡೈಟ್ ಸಿಡಿಮದ್ದು ತಯಾರಾಗುತ್ತಿರಲಿಲ್ಲ.

ಹೀಗಾಗಿ ಭದ್ರಾವತಿಯ ಯೋಜನೆಯ ಹಿಂದೆ ಒಂದು ಅಚ್ಚುಕಟ್ಟಾದ ಗೃಹಸ್ಥರ ಲೆಕ್ಕವಿತ್ತು. ಇದ್ದಿಲು ಕುಲುಮೆಗೆ, ಹೊಗೆ ಮಾರುಕಟ್ಟೆಗೆ. ಹೊಗೆಯಿಂದ ಬಂದ ಹಣ ಇದ್ದಿಲಿನ ಖರ್ಚನ್ನು ತೂಗಿಸಬೇಕು. ಏನನ್ನೂ ಚೆಲ್ಲಬಾರದು. ನೆಲದಡಿಯ ಕಲ್ಲಿದ್ದಲಿಲ್ಲ, ಮತ್ತೆ ಬೆಳೆಯಬಲ್ಲ ಮರವೇ ಮೂಲ, ಒಂದು ವಿಭಾಗದ ಕಸ ಇನ್ನೊಂದರ ಕಚ್ಚಾವಸ್ತು. ಇವತ್ತಿನ ಸಮ್ಮೇಳನವೊಂದರಲ್ಲಿ ಇದನ್ನು ಯಾರಾದರೂ ಮಂಡಿಸಿದರೆ 'ಜೈವಿಕ ಸಂಸ್ಕರಣಾಗಾರ', 'ವರ್ತುಲ ಆರ್ಥಿಕತೆ' ಎಂಬ ಹೊಸ ಪದಗಳು ಪರದೆಯ ಮೇಲೆ ಮೂಡುತ್ತವೆ. ನಮ್ಮವರು ಅದನ್ನು ನೂರು ವರ್ಷದ ಹಿಂದೆ, ಬಹುಕಾಲದಿಂದ ಬೆಂಕಿಪುರ ಎಂದು ಕರೆಯುತ್ತಿದ್ದ ಊರಿನಲ್ಲಿ, ಕಟ್ಟಿ ನಿಲ್ಲಿಸಿದ್ದರು.

ಅದೇ 1923ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಲೊಯ್ನಾದಲ್ಲಿ ಇನ್ನೊಂದು ಕಾರ್ಖಾನೆ ಮೆಥನಾಲ್ ಮಾಡಲು ಶುರುಮಾಡಿತು. ಅಲ್ಲಿ ಮರವಿರಲಿಲ್ಲ.

ಲೊಯ್ನಾದ ಕಥೆಗೆ ಹಿನ್ನೆಲೆಯಾಗಿ ಇರುವುದೂ ಕಬ್ಬಿಣದ ಅದಿರೇ. ಗಾಳಿಯ ಸಾರಜನಕವನ್ನು ಜಲಜನಕದೊಂದಿಗೆ ಸೇರಿಸಿ ಅಮೋನಿಯಾ ಮಾಡುವ ದಾರಿಯನ್ನು ಫ್ರಿಟ್ಜ್ ಹಾಬರ್ ತೋರಿಸಿದ ಮೇಲೆ, ಬಿಎಎಸ್‌ಎಫ್ ಕಂಪನಿಯಲ್ಲಿ ಆಲ್ವಿನ್ ಮಿಟಾಷ್ ಎಂಬ ರಸಾಯನ ವಿಜ್ಞಾನಿ ಅಗ್ಗದ ವೇಗವರ್ಧಕಕ್ಕಾಗಿ ಸಾವಿರಾರು ಮಿಶ್ರಣಗಳನ್ನು ಪರೀಕ್ಷಿಸಿದ. 1909ರಲ್ಲಿ ಅವನ ಕೈಗೆ ಸಿಕ್ಕ ಒಳ್ಳೆಯ ವಸ್ತುವೆಂದರೆ ಸ್ವೀಡನ್ನಿನ ಗ್ಯಾಲಿವಾರೆ ಗಣಿಯ ಮ್ಯಾಗ್ನೆಟೈಟ್ ಅದಿರು. ಶುದ್ಧ ಕಬ್ಬಿಣ ಕೈಕೊಟ್ಟಲ್ಲಿ ಈ ಅದಿರು ಗೆದ್ದಿತು. ಅದರಲ್ಲಿ ಬೆರೆತಿದ್ದ ಬೇರೆ ಖನಿಜಗಳೇ ಕಬ್ಬಿಣಕ್ಕೆ ಬಲ ಕೊಡುತ್ತಿದ್ದವು. ಇವತ್ತಿಗೂ ಜಗತ್ತಿನ ರಸಗೊಬ್ಬರದ ಅಮೋನಿಯಾ ಹೆಚ್ಚಿನಂಶ ಹುಟ್ಟುವುದು ಅಲ್ಯುಮಿನಾ, ಪೊಟ್ಯಾಷ್ ಬೆರೆಸಿದ ಕಬ್ಬಿಣದ ಮೈಮೇಲೆ. ಮೈಸೂರು ಸಂಸ್ಥಾನಕ್ಕೂ ಈ ವಿದ್ಯೆ ಬಂತು. ಭಾರತದ ಮೊದಮೊದಲ ಕೃತಕ ಅಮೋನಿಯಾ ಕಾರ್ಖಾನೆಗಳಲ್ಲೊಂದು ತಲೆಯೆತ್ತಿದ್ದು ಮೈಸೂರಿನ ಹತ್ತಿರದ ಬೆಳಗೊಳದಲ್ಲಿ. ಭದ್ರಾವತಿಯ ಕುಲುಮೆಯಲ್ಲಿ ಅದಿರು ಕರಗಿ ಮುಗಿಯುತ್ತಿತ್ತು. ಅಮೋನಿಯಾ ಗೋಪುರದಲ್ಲಿ ಅದೇ ಕಬ್ಬಿಣ ಮುಗಿಯದೆ ವರ್ಷಗಟ್ಟಲೆ ದುಡಿಯುತ್ತದೆ.

ಮುಗಿಯದೆ ದುಡಿಯುವುದೇ ವೇಗವರ್ಧಕದ ಲಕ್ಷಣ. ಕೆಮ್ಮಣ್ಣುಗುಂಡಿಯ ಹಗ್ಗದಾರಿಯನ್ನು ನೆನೆದರೆ ಇದು ಸುಲಭವಾಗಿ ಹಿಡಿತಕ್ಕೆ ಸಿಗುತ್ತದೆ. ತೊಟ್ಟಿ ಅದಿರು ಹೊತ್ತು ಇಳಿಯುತ್ತದೆ, ಕೆಳಗೆ ಸುರಿಯುತ್ತದೆ, ಖಾಲಿಯಾಗಿ ಮೇಲೆ ಹೋಗಿ ಮತ್ತೆ ತುಂಬಿಕೊಳ್ಳುತ್ತದೆ. ಸಾವಿರ ಟನ್ ಇಳಿಸಿದ ಮೇಲೂ ಹಗ್ಗ ಹಗ್ಗವೇ. ಅದಿಲ್ಲದೆ ಎತ್ತಿನ ಗಾಡಿಯಲ್ಲೂ ಅದಿರು ಇಳಿದೀತು, ಆದರೆ ಯಾವ ಕಾಲಕ್ಕೆ! ವೇಗವರ್ಧಕ ಇನ್ನೂ ಒಂದು ಕೆಲಸ ಮಾಡುತ್ತದೆ, ನಮ್ಮ ಕನ್ನಡ ಪದ ಅದನ್ನು ಹೇಳುವುದಿಲ್ಲ. ಅದು ವೇಗವನ್ನಷ್ಟೇ ಅಲ್ಲ, ಮುಟ್ಟುವ ಊರನ್ನೂ ಆರಿಸುತ್ತದೆ. ಇಂಗಾಲದ ಮಾನಾಕ್ಸೈಡ್ ಮತ್ತು ಜಲಜನಕ ಎಂಬ ಅದೇ ಎರಡು ಅನಿಲಗಳನ್ನು ನಿಕಲ್ ಮೇಲೆ ಹಾಯಿಸಿದರೆ ಮೀಥೇನ್ ಆಗುತ್ತದೆ. ಕಬ್ಬಿಣದ ಮೇಲೆ ಹಾಯಿಸಿದರೆ ಪೆಟ್ರೋಲು, ಮೇಣಗಳಂಥ ಉದ್ದ ಸರಪಳಿಗಳು. ಸತು ಮತ್ತು ಕ್ರೋಮಿಯಂ ಆಕ್ಸೈಡ್‌ಗಳ ಮೇಲೆ, ವಾತಾವರಣದ ಒತ್ತಡಕ್ಕಿಂತ ಇನ್ನೂರೈವತ್ತು ಮುನ್ನೂರು ಪಟ್ಟು ಒತ್ತಡದಲ್ಲಿ ಹಾಯಿಸಿದರೆ ಮೆಥನಾಲ್. ಮಟಿಯಾಸ್ ಪೀರ್ ಎಂಬಾತನ ತಂಡ ಲೊಯ್ನಾದಲ್ಲಿ ಮಾಡಿದ್ದು ಈ ಕೊನೆಯದನ್ನು. ಆ ಅನಿಲಗಳು ಬಂದದ್ದು ಕಲ್ಲಿದ್ದಲಿನಿಂದ.

ಮುಂದಿನದು ಮಾರುಕಟ್ಟೆಯ ಕಥೆ. ಒಂದು ಟನ್ ಒಣ ಗಟ್ಟಿಮರ ಬಟ್ಟಿಯಿಳಿಸಿದರೆ ಸಿಗುವ ಮೆಥನಾಲ್ ಹದಿನೈದಿಪ್ಪತ್ತು ಕಿಲೋ ಮಾತ್ರ. ಲೊಯ್ನಾದ ಗೋಪುರಕ್ಕೆ ಆ ಮಿತಿಯಿಲ್ಲ. ಜರ್ಮನಿಯ ಅಗ್ಗದ ಮೆಥನಾಲ್ ಅಮೆರಿಕದ ಬಂದರುಗಳಿಗೆ ಬಂದಿಳಿದಾಗ ಅಲ್ಲಿನ ಮರದ ಬಟ್ಟಿಯವರು ಗೋಳಿಟ್ಟರು. 1926ರಲ್ಲಿ ಅಧ್ಯಕ್ಷ ಕೂಲಿಡ್ಜ್ ಆಮದು ಸುಂಕವನ್ನು ಗ್ಯಾಲನ್‌ಗೆ 12 ಸೆಂಟ್‌ನಿಂದ 18ಕ್ಕೆ ಏರಿಸಿದರು. ಸುಂಕ ಕೆಲವು ವರ್ಷ ತಡೆಯಿತು, ಅಷ್ಟೆ. ಅಮೆರಿಕದ ಕಂಪನಿಗಳೇ ಹೊಸ ವಿಧಾನವನ್ನು ಹಿಡಿದವು. ಯುದ್ಧ ಮುಗಿದ ಮೇಲೆ ಬೀಡುಕಬ್ಬಿಣದ ಬೆಲೆಯೂ ಕುಸಿದಿತ್ತು. ಎರಡೂ ಕಡೆಯಿಂದ ಇಕ್ಕಟ್ಟಿನಲ್ಲಿ ಹುಟ್ಟಿದ ಭದ್ರಾವತಿ ಕಾರ್ಖಾನೆಯನ್ನು ದಡ ಸೇರಿಸಲು ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನೇ ಮತ್ತೆ ಕರೆತರಬೇಕಾಯಿತು. 1923ರಿಂದ 1929ರವರೆಗೆ ಅವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು. ರಿಟಾರ್ಟುಗಳು ಕೂಡಲೇ ಆರಲಿಲ್ಲ, ಕುಲುಮೆಗೆ ಇದ್ದಿಲು ಬೇಕೇ ಇತ್ತು. ಆದರೆ ಹೊಗೆಯಿಂದ ಲಾಭ ಎಂಬ ಲೆಕ್ಕದ ಬುಡವೇ ಅಲುಗಿತ್ತು. 1952ರಲ್ಲಿ ಜೋಗದ ವಿದ್ಯುತ್ತನ್ನು ನಂಬಿ ವಿದ್ಯುತ್ ಕುಲುಮೆಗಳು ಬಂದವು. ಹೆಸರಿನಿಂದ ಮರ ಯಾವಾಗಲೋ ಬಿದ್ದುಹೋಗಿತ್ತು.

ಇಲ್ಲಿಗೆ ಬಂದಾಗ ನನ್ನಂಥವರಿಗೆ ಒಂದು ಆಸೆಯಾಗುತ್ತದೆ. ಹಸಿರಾಗಿದ್ದ ನಮ್ಮ ದಾರಿಯನ್ನು ಕಲ್ಲಿದ್ದಲಿನ ವೇಗವರ್ಧಕ ಕೊಂದಿತು ಎಂದು ಬರೆದುಬಿಡುವ ಆಸೆ. ಒಂದು ತಿಂಗಳು ನಾನು ಹಾಗೇ ನಂಬಿದ್ದೆ. ಆಮೇಲೆ ಕೂತು ಸೌದೆಯ ಲೆಕ್ಕ ಹಾಕಿದೆ. ಮೊದಲ ಊದುಕುಲುಮೆಯ ಸಾಮರ್ಥ್ಯ ದಿನಕ್ಕೆ ಸುಮಾರು 60 ಟನ್ ಕಬ್ಬಿಣ. ಒಂದು ಟನ್ ಕಬ್ಬಿಣಕ್ಕೆ ಮುಕ್ಕಾಲರಿಂದ ಒಂದು ಟನ್ ಇದ್ದಿಲು ಬೇಕು. ಒಣಮರದ ತೂಕದಲ್ಲಿ ಇದ್ದಿಲಾಗಿ ಉಳಿಯುವುದು ಮೂರರಲ್ಲೊಂದು ಪಾಲಿಗಿಂತ ಕಡಿಮೆ. ಅಂದರೆ ಕುಲುಮೆ ಪೂರ್ತಿ ನಡೆದ ಪ್ರತಿ ದಿನ ನೂರೈವತ್ತರಿಂದ ಇನ್ನೂರು ಟನ್ ಒಣಮರ, ಹಸಿಮರವಾದರೆ ಇನ್ನೂ ಹೆಚ್ಚು. ಇದು ನನ್ನ ಅಂದಾಜು. ನಿಜವಾದ ಅಂಕಿ ಇದರ ಅರ್ಧವಿದ್ದರೂ ಅದು ಶಿವಮೊಗ್ಗ ಮತ್ತು ಆಗಿನ ಕಡೂರು ಜಿಲ್ಲೆಯ ಕಾಡಿನಿಂದ ದಿನವೂ ಇಳಿದುಬಂದ ಮರ. ಮರ ಮತ್ತೆ ಬೆಳೆಯುತ್ತದೆ ಎಂಬುದು ನಿಜ. ಕಡಿದಷ್ಟೇ ವೇಗದಲ್ಲಿ ಬೆಳೆಯುತ್ತದೆಯೇ, ಕಡಿದ ಕಾಡೇ ಬೆಳೆಯುತ್ತದೆಯೇ ಎಂಬುದು ಬೇರೆ ಪ್ರಶ್ನೆ. ನವೀಕರಿಸಬಹುದಾದದ್ದು ಎಂಬ ಮಾತು ಮರದ ಗುಣವಲ್ಲ, ಕಡಿಯುವವನ ಲೆಕ್ಕಪುಸ್ತಕದ ಗುಣ. ಲೊಯ್ನಾದ ಕಲ್ಲಿದ್ದಲು ಮೆಥನಾಲ್ ಗಾಳಿಗೆ ಹೊಸ ಇಂಗಾಲ ಸೇರಿಸಿತು. ಅದೇ ಮೆಥನಾಲ್ ಎಷ್ಟೋ ಕಾಡನ್ನು ಬಟ್ಟಿಯಿಂದ ಪಾರುಮಾಡಿತು ಎಂಬುದನ್ನೂ ಒಪ್ಪಿಕೊಳ್ಳಬೇಕು.

ಈಗ ಚಕ್ರ ಮತ್ತೊಂದು ಸುತ್ತು ಬಂದಿದೆ. 1960ರ ದಶಕದಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿ ತಾಮ್ರ, ಸತು ಮತ್ತು ಅಲ್ಯುಮಿನಾದ ವೇಗವರ್ಧಕವನ್ನು ತಂದು ಒತ್ತಡವನ್ನು ಮೂರರಲ್ಲೊಂದು ಪಾಲಿಗೂ ಕಡಿಮೆ ಇಳಿಸಿತು. ನಾನು ಪ್ರಯೋಗಾಲಯದಲ್ಲಿ ಅರೆಯುವ ಪುಡಿ ಅದರ ಮೊಮ್ಮಗು. ಜಗತ್ತು ಇವತ್ತು ವರ್ಷಕ್ಕೆ ಸುಮಾರು ಹತ್ತು ಕೋಟಿ ಟನ್ ಮೆಥನಾಲ್ ಮಾಡುತ್ತದೆ, ಬಹುಪಾಲು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ. ನವೀಕರಿಸಬಹುದಾದ ಮೂಲಗಳಿಂದ ಬರುವುದು ಎರಡು ಲಕ್ಷ ಟನ್ನಿಗೂ ಕಡಿಮೆ ಎಂದು ಅಂತಾರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆ 2021ರಲ್ಲಿ ಹೇಳಿತು. ಹೊಸ ಕನಸೆಂದರೆ ಹೊಗೆಕೊಳವೆಯ ಇಂಗಾಲದ ಡೈಆಕ್ಸೈಡನ್ನೇ ಹಿಡಿದು, ನೀರಿನಿಂದ ಬಿಡಿಸಿದ ಜಲಜನಕ ಸೇರಿಸಿ ಮೆಥನಾಲ್ ಮಾಡುವುದು. ಐಸ್‌ಲ್ಯಾಂಡಿನಲ್ಲಿ ಭೂಶಾಖದ ವಿದ್ಯುತ್ ನಂಬಿ ಜಾರ್ಜ್ ಓಲಾ ಹೆಸರಿನ ಸ್ಥಾವರ ಇದನ್ನು ಮಾಡಿ ತೋರಿಸಿತು. ಚೀನಾದ ಆನ್‌ಯಾಂಗ್‌ನಲ್ಲಿ 2022ರಲ್ಲಿ ವರ್ಷಕ್ಕೆ 1,10,000 ಟನ್ ಸಾಮರ್ಥ್ಯದ ಸ್ಥಾವರ ಬಂತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸೆಬಾಸ್ಟಿಯನ್ ಪೀಟರ್ ಅವರ ಗುಂಪು ಇದೇ ಕೆಲಸದಲ್ಲಿದೆ. ಅಲ್ಲಿಂದ ಹುಟ್ಟಿದ 'ಬ್ರೀತ್' ತಂಡ 2018ರಲ್ಲಿ ಕಾರ್ಬನ್ ಎಕ್ಸ್‌ಪ್ರೈಜ್ ಸ್ಪರ್ಧೆಯ ಅಂತಿಮ ಹತ್ತರಲ್ಲೊಂದಾಯಿತು. ಮಧ್ಯಪ್ರದೇಶದ ವಿಂಧ್ಯಾಚಲದಲ್ಲಿ ಎನ್‌ಟಿಪಿಸಿ ದಿನಕ್ಕೆ 10 ಟನ್‌ನ ಸ್ಥಾವರ ಕಟ್ಟಿದೆ.

ವೇಗವರ್ಧಕದ ಕಡೆಯ ಸವಾಲು ನಿಜವಾದದ್ದು. ಇಂಗಾಲದ ಡೈಆಕ್ಸೈಡ್ ತುಂಬ ತೃಪ್ತ ಅಣು, ಬೇಗ ಅಲುಗುವುದಿಲ್ಲ. ಅದರಿಂದ ಮೆಥನಾಲ್ ಮಾಡುವಾಗ ನೀರೂ ಹುಟ್ಟುತ್ತದೆ. ಆ ನೀರು ತಾಮ್ರದ ಸಣ್ಣ ಕಣಗಳನ್ನು ಒಂದಕ್ಕೊಂದು ಅಂಟಿಸಿ ಮುದ್ದೆ ಮಾಡುತ್ತದೆ. ಹೀಗಾಗಿ ನೀರಿಗೆ ಬಗ್ಗದ ವೇಗವರ್ಧಕಗಳ ಹುಡುಕಾಟ ನಡೆದಿದೆ. 2016ರಲ್ಲಿ ಜ್ಯೂರಿಕ್‌ನ ಗುಂಪೊಂದು ಜಿರ್ಕೋನಿಯಾ ಮೇಲೆ ಕೂರಿಸಿದ ಇಂಡಿಯಂ ಆಕ್ಸೈಡ್ ಸಾವಿರ ಗಂಟೆ ಸೊರಗದೆ ನಡೆದದ್ದನ್ನು ತೋರಿಸಿತು. ಆದರೆ ಇಂಡಿಯಂ ಅಪರೂಪದ ಲೋಹ. ನನ್ನ ದಿನಗಳು ಕಳೆಯುವುದು ತಾಮ್ರವನ್ನೇ ಗಟ್ಟಿಮಾಡುವ ಪ್ರಯತ್ನದಲ್ಲಿ. ಪರಿವರ್ತನೆ ಶೇಕಡಾ ಒಂದು ಹೆಚ್ಚಾದರೆ ಆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ.

ಭದ್ರಾವತಿಯ ಸೌದೆ ಲೆಕ್ಕದ ನಂತರ ಅದೇ ಪೆನ್ಸಿಲಿನಿಂದ ನನ್ನ ಲೆಕ್ಕವನ್ನೂ ಹಾಕಿದೆ. ಒಂದು ಟನ್ ಮೆಥನಾಲ್‌ಗೆ ಸುಮಾರು 1.4 ಟನ್ ಇಂಗಾಲದ ಡೈಆಕ್ಸೈಡ್ ಮತ್ತು 190 ಕಿಲೋ ಜಲಜನಕ ಬೇಕು. ನೀರಿನಿಂದ ಒಂದು ಕಿಲೋ ಜಲಜನಕ ಬಿಡಿಸಲು ಐವತ್ತು ಯೂನಿಟ್‌ಗಿಂತ ಹೆಚ್ಚು ವಿದ್ಯುತ್. ಒಟ್ಟು ಹತ್ತು ಸಾವಿರ ಯೂನಿಟ್, ತಿಂಗಳಿಗೆ ನೂರು ಯೂನಿಟ್ ಸುಡುವ ಮನೆಗೆ ಎಂಟು ವರ್ಷಕ್ಕಾಗುವಷ್ಟು. ಈ ವಿದ್ಯುತ್ ಕಲ್ಲಿದ್ದಲಿನಿಂದ ಬಂದರೆ ಯೂನಿಟ್ಟಿಗೆ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. 1.4 ಟನ್ ಹಿಡಿಯಲು ಒಂಬತ್ತು ಹತ್ತು ಟನ್ ಬಿಟ್ಟಂತಾಯಿತು. ನನ್ನ ವೇಗವರ್ಧಕ ಎಷ್ಟೇ ಚೆನ್ನಾಗಿದ್ದರೂ ಈ ಲೆಕ್ಕವನ್ನು ತಿದ್ದಲಾರದು. ಸೂರ್ಯನ ಅಥವಾ ಗಾಳಿಯ ವಿದ್ಯುತ್ ಬಂದರೆ, ಅದೇ ಪುಡಿ, ಅದೇ ಕೊಳವೆ, ಉತ್ತರ ತಲೆಕೆಳಗು.

ಈ ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟಾಗ ನನಗೆ ಸಿಕ್ಕ ಪಾಠ ಒಂದೇ. ವೇಗವರ್ಧಕ ದಾರಿಯನ್ನು ತಗ್ಗಿಸುತ್ತದೆ, ಮುಟ್ಟುವ ಊರನ್ನು ಆರಿಸುತ್ತದೆ. ಹೊರಟ ಊರನ್ನು ಆರಿಸುವುದಿಲ್ಲ. ಗುಡ್ಡದಲ್ಲಿ ಅದಿರಿಲ್ಲದಿದ್ದರೆ ಹಗ್ಗದಾರಿ ಅದಿರು ಹುಟ್ಟಿಸುವುದಿಲ್ಲ. ಇಂಗಾಲ ಕಾಡಿನದೇ, ಕಲ್ಲಿದ್ದಲಿನದೇ, ಗಾಳಿಯದೇ ಎಂಬ ತೀರ್ಮಾನ ಪ್ರಯೋಗಾಲಯದ ಹೊರಗೆ, ಸರ್ಕಾರ, ಮಾರುಕಟ್ಟೆ, ಸುಂಕ, ವಿದ್ಯುತ್ ದರಗಳ ನಡುವೆ ಆಗುತ್ತದೆ. ಪಾಲ್ ಅನಾಸ್ತಾಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಹಸಿರು ರಸಾಯನ ವಿಜ್ಞಾನದ ಹನ್ನೆರಡು ತತ್ವಗಳನ್ನು ಪಟ್ಟಿ ಮಾಡಿದಾಗ ನವೀಕರಿಸಬಹುದಾದ ಕಚ್ಚಾವಸ್ತುವನ್ನು ಏಳನೆಯದಾಗಿಯೂ ವೇಗವರ್ಧನೆಯನ್ನು ಒಂಬತ್ತನೆಯದಾಗಿಯೂ ಬೇರೆಬೇರೆ ಬರೆದರು. ತರಗತಿಯಲ್ಲಿ ಬಾಯಿಪಾಠ ಮಾಡಿದ್ದ ಪಟ್ಟಿಯದು. ಎರಡು ಸಾಲು ಏಕೆ ಬೇರೆ ಎಂದು ತಿಳಿಯಲು ಭದ್ರಾವತಿಯ ಹಳೆಯ ಹೆಸರು ಓದಬೇಕಾಯಿತು.

2023ರ ಜನವರಿಯಲ್ಲಿ, ಕಾರ್ಖಾನೆಗೆ ನೂರು ತುಂಬಿದ ತಿಂಗಳಲ್ಲೇ, ಅದನ್ನು ಮುಚ್ಚುವ ನಿರ್ಧಾರದ ಸುದ್ದಿ ಬಂತು. ಕಾರ್ಮಿಕರು ಬೀದಿಗಿಳಿದರು. ಅದೇ ವರ್ಷ ಕೆಲವು ವಿಭಾಗಗಳು ಮತ್ತೆ ತಿರುಗಿದವು, ಆದರೆ ಭವಿಷ್ಯದ ಚಿಂತೆ ಮುಗಿದಿಲ್ಲ. ಕೆಮ್ಮಣ್ಣುಗುಂಡಿಯ ಗಣಿ ನಿಂತಿದೆ. ಒಂದು ಕಾಲಕ್ಕೆ ಸೌದೆ ಇಳಿದ ಸೀಮೆಯಲ್ಲಿ ಈಗ ಭದ್ರಾ ಹುಲಿ ಮೀಸಲು ಪ್ರದೇಶವಿದೆ. ತಂತ್ರಜ್ಞಾನ ಬದಲಾದಾಗ ಯಾವುದೋ ಒಂದು ಊರು ಅದರ ಬೆಲೆ ಕಟ್ಟುತ್ತದೆ, ಇನ್ನಾವುದೋ ಕಾಡು ಉಸಿರಾಡುತ್ತದೆ. 'ಸುಸ್ಥಿರ' ಎಂದು ಬರೆಯುವ ಕೈಗೆ ಇವೆರಡೂ ನೆನಪಿರಬೇಕು.

ಕಳೆದ ಚಳಿಗಾಲದಲ್ಲಿ ಮೂರನೆಯ ಸಲ ಗುಡ್ಡ ಹತ್ತಿ ಬಂದೆ. ಬಂದ ವಾರ ಪ್ರಬಂಧದ ಮೊದಲ ವಾಕ್ಯವನ್ನು ಅಳಿಸಿದೆ. ಈಗ ಅಲ್ಲಿ ಹೀಗಿದೆ: 'ಈ ವೇಗವರ್ಧಕದಿಂದ ತಯಾರಾದ ಮೆಥನಾಲ್ ಸುಸ್ಥಿರವೇ ಎಂಬುದು ಇಂಗಾಲ ಮತ್ತು ವಿದ್ಯುತ್ತಿನ ಮೂಲವನ್ನು ಅವಲಂಬಿಸಿದೆ, ಆ ಲೆಕ್ಕವನ್ನು ಎರಡನೆಯ ಅಧ್ಯಾಯದಲ್ಲಿ ಕೊಡಲಾಗಿದೆ.' ಓದಿದ ಮಾರ್ಗದರ್ಶಕರು, ಮೊದಲಿನಷ್ಟು ಆಕರ್ಷಕವಾಗಿಲ್ಲ ಎಂದರು. ಹೌದು, ಇಲ್ಲ. ಎರಡನೆಯ ಅಧ್ಯಾಯಕ್ಕೆ ಇನ್ನೂ ಒಂದು ಕೋಷ್ಟಕ ಸೇರಿಸಬೇಕಿದೆ. ಅದರ ಮೊದಲ ಸಾಲು 1923, ಭದ್ರಾವತಿ, ಮರ.